ಕಾರ್ಪೆಟ್ ಗ್ರಿಪ್ಪರ್ ಪಟ್ಟಿಗಳ ತೆರವು

ಕಾರ್ಪೆಟ್ ಗ್ರಿಪ್ಪರ್ ಎಂಬುದು ಗೋಡೆಯಿಂದ ಗೋಡೆಗೆ ಹಾಸುವ ಕಾರ್ಪೆಟ್ಟಿನ ಅಂಚನ್ನು ಬಿಗಿಯಾಗಿ ಹಿಡಿದಿಡುವ, ಸುಮಾರು 25 ಮಿ.ಮೀ. ಅಗಲದ ತೆಳುವಾದ ಮರದ ಪಟ್ಟಿ. ಅದರ ಮೇಲ್ಮೈಯಲ್ಲಿ ಗೋಡೆಯ ಕಡೆಗೆ ಬಾಗಿದ ಚೂಪಾದ ಮುಳ್ಳುಗಳ ಸಾಲುಗಳಿರುತ್ತವೆ. ಬ್ರಿಟನ್ನಿನ ವಿಕ್ಟೋರಿಯನ್ ಕಾಲದ ಅನೇಕ ಮನೆಗಳಲ್ಲಿ ಪ್ರವೇಶ ಮೊಗಸಾಲೆಯ ಬಣ್ಣದ ಜೇಡಿಮಣ್ಣಿನ ಟೈಲುಗಳ ಮೇಲೆ 20ನೆಯ ಶತಮಾನದಲ್ಲಿ ಕಾರ್ಪೆಟ್ ಹಾಸಿ, ಈ ಪಟ್ಟಿಗಳನ್ನು ಮೊಳೆಯಿಂದಲೋ ಅಂಟಿನಿಂದಲೋ ಕೂರಿಸಲಾಯಿತು. ಹಳೆಯ ಟೈಲುಗಳಿಗೆ ಮೊಳೆ ಹೊಡೆದಾಗ ಆದ ಹಾನಿಗಿಂತ, ಅದನ್ನು ಅವಸರದಿಂದ ಕೀಳುವಾಗ ಆಗುವ ಹಾನಿಯೇ ಹಲವೊಮ್ಮೆ ಹೆಚ್ಚು.

ವಿಧಾನ

ದಪ್ಪನೆಯ ಕೈಗವಸು ಹಾಗೂ ರಕ್ಷಣಾ ಕನ್ನಡಕ ಅವಶ್ಯಕ. ಒಣಗಿದ ಪಟ್ಟಿ ಸೀಳಿ ಮುಳ್ಳುಸಮೇತ ಸಿಡಿಯುವುದುಂಟು. ಚಪ್ಪಟೆ ಸನಿಕೆಯನ್ನು ಮೊಳೆಯ ಪಕ್ಕದಲ್ಲೇ ತೂರಿಸಿ, ಅದರ ಅಡಿಯಲ್ಲಿ ಹಲಗೆಯ ತುಂಡನ್ನಿಟ್ಟು, ಸ್ವಲ್ಪಸ್ವಲ್ಪವಾಗಿ ಮೀಟಬೇಕು. ಹಲಗೆಯಿಲ್ಲದಿದ್ದರೆ ಸನಿಕೆಯ ಒತ್ತಡವೆಲ್ಲ ಒಂದೇ ಬಿಂದುವಿನ ಮೇಲೆ ಬಿದ್ದು ಟೈಲು ಬಿರಿಯುತ್ತದೆ. ಮೊಳೆ ಜಗ್ಗದಿದ್ದರೆ ಮರವನ್ನು ಉಳಿಯಿಂದ ಸೀಳಿ ತೆಗೆದು, ಮೊಳೆಯನ್ನು ಇಕ್ಕಳದಿಂದ ಹಿಡಿದು ತಿರುಚುತ್ತ ಎಳೆಯಲಾಗುತ್ತದೆ. ತಟ್ಟಿದಾಗ ಟೊಳ್ಳು ಸದ್ದು ಬರುವ ಟೈಲು ತಳದಿಂದ ಬಿಟ್ಟುಕೊಂಡಿರುತ್ತದೆ. ಅಲ್ಲಿ ಮೊಳೆಯನ್ನು ಕೀಳದೆ ನೆಲಮಟ್ಟಕ್ಕೆ ಕತ್ತರಿಸುವುದೇ ಲೇಸು. ಅಂಟನ್ನು ಬಿಸಿಗಾಳಿಯಿಂದ ಮೆದುಗೊಳಿಸಿ ಪ್ಲಾಸ್ಟಿಕ್ ಕೆರೆಕದಿಂದ ತೆಗೆಯಬಹುದು. ಉಳಿದ ರಂಧ್ರಗಳನ್ನು ಟೈಲಿನ ಬಣ್ಣಕ್ಕೆ ಹೊಂದುವ ಪೂರಣದಿಂದ ಮುಚ್ಚಲಾಗುತ್ತದೆ.

ಕಲ್ನಾರಿನ ಅಪಾಯ

ಕಾರ್ಪೆಟ್ಟಿನಡಿ ಇರುವುದು ಜೇಡಿಮಣ್ಣಿನ ಟೈಲಲ್ಲದೆ ಹಳೆಯ ವಿನೈಲ್ ಟೈಲಾಗಿದ್ದರೆ ವಿಷಯವೇ ಬೇರೆ. ಅಂತಹ ಟೈಲುಗಳಲ್ಲಿಯೂ ಅವುಗಳ ಕೆಳಗಿನ ಕಪ್ಪು ಬಿಟುಮೆನ್ ಅಂಟಿನಲ್ಲಿಯೂ ಕಲ್ನಾರು ಇರಬಹುದು. ಬ್ರಿಟನ್ನಿನಲ್ಲಿ ಕಲ್ನಾರಿನ ಬಳಕೆ ಪೂರ್ಣವಾಗಿ ನಿಷೇಧವಾದದ್ದು 1999ರಲ್ಲಿ. ಇಂತಹ ನೆಲವನ್ನು ಕೆರೆಯದೆ, ಉಜ್ಜದೆ, ಬಿಸಿಮಾಡದೆ, ಮೊದಲು ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು.