ಹೆಗಡೆ

ಹಳಗನ್ನಡ ಶಾಸನಗಳಲ್ಲಿ ಇದು ‘ಪೆರ್ಗಡೆ’. ಪೆರ್ ಎಂದರೆ ಹಿರಿಯ, ದೊಡ್ಡ. ಪಕಾರ ಹಕಾರವಾಗಿ, ‘ರ್ಗ’ ‘ಗ್ಗ’ವಾಗಿ ಹೆಗ್ಗಡೆಯಾಯಿತು, ಜನರ ಬಾಯಲ್ಲಿ ಸವೆದು ಹೆಗಡೆ, ಹೆಗ್ಡೆ. ಹೆಣ್ಣಾದರೆ ಹೆಗ್ಗಡತಿ. ಮೂಲದಲ್ಲಿ ಇದು ಜಾತಿಯಲ್ಲ, ಅಧಿಕಾರ: ಸುಂಕ ನೋಡಿಕೊಳ್ಳುವವನು ಸುಂಕವೆರ್ಗಡೆ, ಅರಮನೆಯ ಮೇಲ್ವಿಚಾರಕ ಮನೆವೆರ್ಗಡೆ. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಪೂರ್ಣ ಹೆಸರಾದ ಹೆಗ್ಗಡದೇವನಕೋಟೆಯಲ್ಲೂ ಇದೇ ಪದವಿದೆ.

ಅಧಿಕಾರ ಹೋಯಿತು, ಹೆಸರು ಹಲವು ಸಮುದಾಯಗಳಲ್ಲಿ ಉಳಿಯಿತು. ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ, 1934ರಲ್ಲಿ ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ ಕೆರೆಮನೆ ಶಿವರಾಮ ಹೆಗಡೆ ಹವ್ಯಕರು. 1977ರಲ್ಲಿ ಲೋಕಸಭೆಯ ಸ್ಪೀಕರ್ ಆದ ಕೆ.ಎಸ್. ಹೆಗ್ಡೆ ಬಂಟರು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಜೈನರು. ಆದ್ದರಿಂದ ಹೆಗಡೆ ಎಂದಾಕ್ಷಣ ಜಾತಿ ಊಹಿಸಲು ಹೋಗಬೇಡಿ.