ವ್ಯಾಪಾರಿಗಳ ಜೊತೆ ಬಂದ ಬೇಟೆನಾಯಿ

ಡಿಪ್ಲೊಮಾ ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಇಚಲಕರಂಜಿಯ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ. ಜೊತೆಗಿದ್ದ ಗಡಹಿಂಗ್ಲಜದ ಹುಡುಗನದ್ದು ಮನೆಮಾತು ಕನ್ನಡ. ಏಪ್ರಿಲ್ ರಜೆಯಲ್ಲಿ ಅವನ ಮನೆಗೆ ಹೋದಾಗ ಅಂಗಳದಲ್ಲಿ ಉದ್ದ ಮೂತಿಯ, ಪಕ್ಕೆಲುಬು ಕಾಣುವ ನಾಯಿಯೊಂದಿತ್ತು. ಊಟ ಹಾಕುವುದಿಲ್ಲವೇ ಎಂದು ಕೇಳಿಬಿಟ್ಟೆ. ಅವನ ಅಜ್ಜ ನಕ್ಕರು: "ತಮ್ಮಾ, ಇದು ಕಾರವಾನಿ. ಇದರ ಮೈಕಟ್ಟೇ ಹಿಂಗ."

ಮಹಾರಾಷ್ಟ್ರದಲ್ಲಿ ಕಾರವಾನಿ, ನಮ್ಮಲ್ಲಿ ಮುಧೋಳ ನಾಯಿ. ಪಶ್ಚಿಮ ಮತ್ತು ಮಧ್ಯ ಏಷ್ಯಾದ ವ್ಯಾಪಾರಿಗಳ ಕಾರವಾನ್ ಜೊತೆ ಬಂದದ್ದಕ್ಕೆ ಆ ಹೆಸರು ಎನ್ನುತ್ತಾರೆ. ನೋಡಲು ಅರಬರ ಸಲೂಕಿಯ ಹಾಗೆಯೇ ಇದೆ. 'ಬ್ಯಾರ' ಎಂದರೆ ವ್ಯಾಪಾರ, ಅದರಿಂದಲೇ ಬ್ಯಾರಿಗಳಾದೆವು ಎನ್ನುವ ನಮಗೆ ಇದು ಪೂರ್ತಿ ಪರಕೀಯವಲ್ಲ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಬೆಳೆಸಿ, ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆಚೀಟಿಯೂ ಬಂತು. ಕೊಲ್ಹಾಪುರದ ಅರಮನೆಯವರ ಶೋಕಿ ಇನ್ನೂ ದೊಡ್ಡದು: ಚೀತಾಗಳನ್ನು ಪಳಗಿಸಿ ಕೃಷ್ಣಮೃಗದ ಮೇಲೆ ಬಿಡುತ್ತಿದ್ದರು. ಇಲ್ಲಿ ಚೀತಾ ಅಪರೂಪವಾದಾಗ ಆಫ್ರಿಕಾದಿಂದ ತರಿಸಿದರು.

ರೈತರಿಗೆ ನಾಯಿಯೇ ಸಾಕಾಗಿತ್ತು. ಜೋಳ ಕೊಯ್ದ ಮೇಲೆ ಹೊಲ ಬೋಳು, ಮೊಲಕ್ಕೆ ಅಡಗಲು ಜಾಗವಿಲ್ಲ. ಆದರೆ ಬಿಸಿಲೇರುವ ಮೊದಲೇ ಮನೆಗೆ ಮರಳಬೇಕು ಎಂದರು ಅಜ್ಜ. ಕಾರಣ ಮೆಕ್ಯಾನಿಕಲ್ ಓದಿದವನಿಗೆ ಬೇಗ ತಿಳಿಯಿತು. ನಾಯಿ ನಮ್ಮ ಹಾಗೆ ಮೈತುಂಬ ಬೆವರುವುದಿಲ್ಲ. ನಾಲಗೆ ಚಾಚಿ ಏದುಸಿರು ಬಿಡುವುದೇ ಅದರ ರೇಡಿಯೇಟರ್. ಮೈಶಾಖ 38–39 ಡಿಗ್ರಿ ಸೆಲ್ಸಿಯಸ್ ಇರಬೇಕಾದದ್ದು 41 ದಾಟಿದರೆ ಜೀವಕ್ಕೇ ಅಪಾಯ. "ಒಮ್ಮೆ ಆಸೆಗೆ ಬಿದ್ದು ತಡ ಮಾಡಿದೆ, ನಾಯಿ ಬದುವಿನ ಮೇಲೇ ಸತ್ತುಹೋತು" ಎಂದು ಅಜ್ಜ ಸುಮ್ಮನಾದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಮೊಲ ಹಿಡಿದರೂ ಅಪರಾಧ. ಈಗ ಆ ನಾಯಿ ಹೊಲ ಕಾಯುತ್ತದೆ.

ಊರಿಗೆ ಬಂದು ಹೇಳಿದಾಗ ಉಮ್ಮ ಕೇಳಿದ್ದು ಒಂದೇ: "ನಾಯಿ ಮುಟ್ಟಿದೆಯಾ?" ನಾವು ಶಾಫಿಗಳು, ಒದ್ದೆ ತಾಗಿದರೆ ಏಳು ಸಲ, ಅದರಲ್ಲೊಂದು ಸಲ ಮಣ್ಣು ಹಾಕಿ ತೊಳೆಯಬೇಕು. ಆದರೆ ಪಳಗಿಸಿದ ಬೇಟೆಪ್ರಾಣಿ ಹಿಡಿದು ತಂದದ್ದನ್ನು ಅಲ್ಲಾಹನ ಹೆಸರು ಹೇಳಿ ತಿನ್ನಬಹುದೆಂದು ಸೂರಾ ಮಾಇದಾದಲ್ಲಿದೆ. ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದುಕೊಟ್ಟವನ ಪಾಪ ಮನ್ನಾ ಆದ ಹದೀಸನ್ನು ಮದ್ರಸದಲ್ಲಿ ನಾವೆಲ್ಲ ಕೇಳಿದ್ದೇವೆ. ತೊಳೆದುಕೊಳ್ಳಬೇಕು ಎಂದಿದೆ, ಕಲ್ಲು ಹೊಡೆಯಬೇಕು ಎಂದಿಲ್ಲ. ಚಿಕ್ಕಂದಿನಲ್ಲಿ ನಾವು ಹೊಡೆದದ್ದು ಕಲ್ಲನ್ನೇ.

ಉಮ್ಮ ಆಗ ಏನೂ ಹೇಳಲಿಲ್ಲ. ಈಗ ಬೇಸಿಗೆ ಬಂದರೆ ನಮ್ಮ ಅಂಗಡಿಯ ಹಿಂದೆ ಒಂದು ಹಳೆ ಮಣ್ಣಿನ ಪಾತ್ರೆಯಲ್ಲಿ ನೀರಿರುತ್ತದೆ. ಅದನ್ನು ತುಂಬಿಸುವುದು ಅವರೇ.