ಮನೆ ಬಿಟ್ಟ ಬೆಕ್ಕು, ಬೀದಿಗಿಳಿದ ಸಾಹಿತಿ

ಬೆಕ್ಕು ತನ್ನ ಮರಿಗಳನ್ನು ಕಚ್ಚಿಕೊಂಡು ಏಳು ಮನೆ ತಿರುಗುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಬೆಕ್ಕಿಗಾಗಿ ಏಳು ಮನೆ ತಿರುಗುವ ಮನುಷ್ಯನ ವಿಷಯವಾಗಿ ನಮ್ಮ ಹಿರಿಯರು ಏಕೆ ಒಂದು ಗಾದೆ ಕಟ್ಟಲಿಲ್ಲವೋ ತಿಳಿಯದು. ಕಳೆದ ಆಷಾಢದಲ್ಲಿ ನಾನು ಆ ಕೆಲಸವನ್ನು ಮಾಡಿದೆ. ನಮ್ಮ ಮನೆಯ ನಾಲ್ಕು ಬೆಕ್ಕುಗಳಲ್ಲಿ ಕರಿಯನೆಂಬುದು ಒಂದು ಸಂಜೆ ಹಿತ್ತಲ ಗೋಡೆ ಹಾರಿದ್ದು ಮತ್ತೆ ಬರಲಿಲ್ಲ. ಮೊದಲ ದಿನ ಹುಡುಕಲು ಸಂಕೋಚ. ಕಾಲೇಜಿನ ಅಧ್ಯಾಪಕನೊಬ್ಬ ಟಾರ್ಚು ಹಿಡಿದು, ನಾಲಗೆಯಲ್ಲಿ ಚ್ಚ್ ಚ್ಚ್ ಎನ್ನುತ್ತ ಪಕ್ಕದವರ ಕಾಂಪೌಂಡಿನಲ್ಲಿ ಇಣುಕುವುದು ಶೋಭೆಯಲ್ಲ. ಮೂರನೆಯ ದಿನಕ್ಕೆ ಸಂಕೋಚ ಹೋಯಿತು. ಎದುರು ಮನೆಯ ನಿವೃತ್ತ ಮುಖ್ಯೋಪಾಧ್ಯಾಯರು ನನ್ನನ್ನು ತಡೆದು, "ಅಲ್ಲ ಮೇಷ್ಟ್ರೇ, ಹೋದದ್ದು ಒಂದು, ಉಳಿದದ್ದು ಮೂರು. ಇಷ್ಟಕ್ಕೆ ಹೀಗಾಗುವುದೆ?" ಎಂದರು. ಅವರು ಗಣಿತದ ಮೇಷ್ಟರು. ಅವರ ವ್ಯವಕಲನದಲ್ಲಿ ತಪ್ಪಿರಲಿಲ್ಲ; ಆದರೂ ಉತ್ತರ ಸರಿಯೆನಿಸಲಿಲ್ಲ.

ಈ ಲೆಕ್ಕ ನನಗಿಂತ ದೊಡ್ಡವರಿಗೂ ಸರಿಹೋಗಿರಲಿಲ್ಲ ಎಂಬುದಕ್ಕೆ ಸಾಹಿತ್ಯದ ಚರಿತ್ರೆಯಲ್ಲಿ ಎರಡು ಒಳ್ಳೆಯ ಸಾಕ್ಷಿಗಳಿವೆ. ಒಂದು ಅಮೆರಿಕದ್ದು, ಇನ್ನೊಂದು ಜಪಾನಿನದು. ಎರಡರಲ್ಲಿಯೂ ವೃತ್ತಪತ್ರಿಕೆಯ ಪಾತ್ರವುಂಟು.

ಮಾರ್ಕ್ ಟ್ವೇನ್ ಬೆಕ್ಕುಗಳ ಪಕ್ಷಪಾತಿ ಎಂಬುದು ಅವನ ಮನೆಯವರಿಗೆಲ್ಲ ಗೊತ್ತಿದ್ದ ವಿಷಯ. 1885ರಲ್ಲಿ ಅವನ ಹದಿಮೂರು ವರ್ಷದ ಮಗಳು ಸೂಸಿ ತಂದೆಯ ಜೀವನಚರಿತ್ರೆಯನ್ನು ಬರೆಯಲು ಕುಳಿತಳು. ಅದರಲ್ಲಿ, ಅಮ್ಮನಿಗೆ ನೀತಿಯೆಂದರೆ ಪ್ರೀತಿ, ಅಪ್ಪನಿಗೆ ಬೆಕ್ಕೆಂದರೆ ಪ್ರೀತಿ ಎಂದು ಇಬ್ಬರ ವ್ಯತ್ಯಾಸವನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದಳು. ಎಲ್ಮೈರಾ ಊರಿನ ಬಳಿ ಅವನ ಹೆಂಡತಿಯ ಅಕ್ಕನಿಗೆ ಸೇರಿದ ಕ್ವಾರಿ ಫಾರ್ಮ್ ಎಂಬ ತೋಟದ ಮನೆಯಿತ್ತು. ಟ್ವೇನನ ಸಂಸಾರ ಬೇಸಗೆಗಳನ್ನು ಅಲ್ಲಿ ಕಳೆಯುತ್ತಿತ್ತು. ಜೊತೆಗೆ ಬೆಕ್ಕುಗಳದೇ ಇನ್ನೊಂದು ಸಂಸಾರ. ಅವುಗಳಿಗೆ ಅವನು ಅಪಾಲಿನಾರಿಸ್, ಜೊರಾಸ್ಟರ್, ಬ್ಲಾದರ್‌ಸ್ಕೈಟ್ ಎಂದೆಲ್ಲ ಹೆಸರಿಟ್ಟಿದ್ದ. ಮಕ್ಕಳಿಗೆ ಕಠಿಣ ಶಬ್ದಗಳ ಉಚ್ಚಾರಣೆ ಅಭ್ಯಾಸವಾಗಲೆಂದು ಹಾಗೆ ಮಾಡಿದೆನೆಂಬುದು ಅವನ ಸಮಜಾಯಿಷಿ. ಕೇಶಿರಾಜನ ಸೂತ್ರಗಳನ್ನು ಹುಡುಗರ ಬಾಯಲ್ಲಿ ಹೊರಡಿಸಲು ಹೆಣಗುವ ನಮ್ಮಂಥವರು ಈ ಉಪಾಯವನ್ನು ಪರಿಶೀಲಿಸಬಹುದು.

ಆ ನಗುವಿನ ಕಾಲ ಉಳಿಯಲಿಲ್ಲ. 1896ರಲ್ಲಿ ಸೂಸಿ ತೀರಿಕೊಂಡಳು. 1904ರ ಜೂನ್ ತಿಂಗಳಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಅವನ ಪತ್ನಿ ಕಣ್ಣು ಮುಚ್ಚಿದಳು. ಎರಡನೆಯ ಮಗಳು ಕ್ಲಾರಾ ಆ ದುಃಖವನ್ನು ತಾಳಲಾರದೆ ಆರೋಗ್ಯಧಾಮವೊಂದನ್ನು ಸೇರಬೇಕಾಯಿತು. ಅಲ್ಲಿ ಅವಳು ಗುಟ್ಟಾಗಿ ಒಂದು ಕರಿಯ ಬೆಕ್ಕಿನ ಮರಿಯನ್ನು ಸಾಕಿಕೊಂಡಿದ್ದಳು, ಹೆಸರು ಬ್ಯಾಂಬಿನೋ. ಇಟಾಲಿಯನ್ ಭಾಷೆಯಲ್ಲಿ ಹಾಗೆಂದರೆ ಮಗು. ಅದು ಒಂದು ದಿನ ಬೆಕ್ಕನ್ನು ಕಂಡರಾಗದ ರೋಗಿಯೊಬ್ಬಳ ಕೋಣೆಗೆ ನುಗ್ಗಿ ಗುಟ್ಟು ರಟ್ಟಾಯಿತು. ಬೆಕ್ಕು ನ್ಯೂಯಾರ್ಕಿನ ಐದನೆಯ ಅವೆನ್ಯೂವಿನ 21ನೆಯ ಸಂಖ್ಯೆಯ ಮನೆಗೆ, ಅಂದರೆ ತಂದೆಯ ಬಳಿಗೆ ಬಂತು.

ಅರುವತ್ತೊಂಬತ್ತರ ಮುದುಕ, ಹೆಂಡತಿಯಿಲ್ಲದ ಮನೆ, ಮಗಳಿಂದ ಬಂದ ಬೆಕ್ಕು. ಅವನು ಹಾಸಿಗೆಯಲ್ಲೇ ಒರಗಿಕೊಂಡು ಓದುವ, ಬರೆಯುವ, ಚುಟ್ಟ ಸೇದುವ ಅಭ್ಯಾಸದವನು. ಚುಟ್ಟ ಹಚ್ಚಲು ಪಕ್ಕದಲ್ಲಿ ಒಂದು ಸಣ್ಣ ದೀಪ ಇರುತ್ತಿತ್ತು. ಸನ್ನೆ ಮಾಡಿದರೆ ಬ್ಯಾಂಬಿನೋ ಹಾಸಿಗೆಗೆ ಜಿಗಿದು ಪಂಜದಿಂದ ಆ ದೀಪವನ್ನು ಆರಿಸುತ್ತಿತ್ತಂತೆ. ಇದನ್ನು ಹೇಳಿದವಳು ಕೇಟಿ ಲಿಯರಿ. 1880ರಿಂದ ಟ್ವೇನನ ಕೊನೆಯವರೆಗೆ, ಮೂವತ್ತು ವರ್ಷ ಆ ಮನೆಯಲ್ಲಿ ದುಡಿದ ಹೆಂಗಸು. ಅವಳ ನೆನಪುಗಳು 1925ರಲ್ಲಿ ಪುಸ್ತಕವಾಗಿ ಬಂದವು. ದೊಡ್ಡ ಜೀವನಚರಿತ್ರೆಗಳು ಬಿಟ್ಟದ್ದನ್ನು ಇಂಥ ಅಡಿಗೆಮನೆಯ ಚರಿತ್ರಕಾರ್ತಿಯರೇ ಉಳಿಸಿಕೊಟ್ಟಿದ್ದಾರೆ.

1905ರ ವಸಂತಕಾಲದ ಒಂದು ರಾತ್ರಿ, ಹಿತ್ತಲ ಬೇಲಿಯಲ್ಲಿ ಬೇರೆ ಬೆಕ್ಕುಗಳು ಕರೆದ ದನಿ ಕೇಳಿ ಬ್ಯಾಂಬಿನೋ ತೆರೆದ ಕಿಟಕಿಯಿಂದ ಪರಾರಿಯಾಯಿತು. ಟ್ವೇನ್ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟ. ಬಹುಮಾನ ಐದು ಡಾಲರು. ಬೆಕ್ಕಿನ ಚಹರೆಯನ್ನು ಅವನೇ ಬಣ್ಣಿಸಿದ: ದೊಡ್ಡದು, ಕಡುಗಪ್ಪು, ಮಖಮಲ್ಲಿನಂಥ ತುಪ್ಪುಳು, ಎದೆಯ ಮೇಲೆ ಇದ್ದೂ ಇಲ್ಲದಂಥ ಬಿಳಿಯ ಅಂಚು, ಸಾಮಾನ್ಯ ಬೆಳಕಿನಲ್ಲಿ ಕಣ್ಣಿಗೆ ಬೀಳುವುದು ಕಷ್ಟ. ದುಃಖದಲ್ಲಿಯೂ ಅವನ ಲೇಖನಿ ತನ್ನ ಜಾತಿಯನ್ನು ಬಿಡಲಿಲ್ಲ.

ಆಮೇಲೆ ನಡೆದದ್ದು ಪ್ರಹಸನ. ಜನ ಬೆಕ್ಕುಗಳನ್ನು ಎತ್ತಿಕೊಂಡು ಸಾಲುಸಾಲಾಗಿ ಬಾಗಿಲಿಗೆ ಬಂದರು. ಅವರಿಗೆ ಬೇಕಾಗಿದ್ದದ್ದು ಐದು ಡಾಲರಲ್ಲ, ಮಾರ್ಕ್ ಟ್ವೇನನ ದರ್ಶನ. ಎರಡು ಮೂರು ರಾತ್ರಿ ಕಳೆದ ಮೇಲೆ, ರಸ್ತೆಯಾಚೆ ಜನರಲ್ ಸಿಕಲ್ಸ್ ಎಂಬಾತನ ಮನೆಯ ಹಿತ್ತಲಿನಿಂದ ಮಿಯಾವ್ ಎಂಬ ದನಿ ಕೇಳಿ ಕೇಟಿ ಹೋಗಿ ನೋಡಿದರೆ, ಬ್ಯಾಂಬಿನೋ! ಈ ಸಿಕಲ್ಸ್ 1863ರ ಗೆಟಿಸ್‌ಬರ್ಗ್ ಕಾಳಗದಲ್ಲಿ ಒಂದು ಕಾಲು ಕಳೆದುಕೊಂಡಿದ್ದ ಸೇನಾನಿ. ಟ್ವೇನ್ ಸಂತೋಷದಿಂದ, ಬೆಕ್ಕು ಸಿಕ್ಕಿತೆಂದು ಮತ್ತೊಂದು ಜಾಹೀರಾತು ಕೊಟ್ಟ. ಅದರಿಂದ ಪ್ರಯೋಜನವಾಗಲಿಲ್ಲ, ಜನ ಬೆಕ್ಕು ತರುವುದನ್ನು ನಿಲ್ಲಿಸಲಿಲ್ಲ. ಬಂದ ಬೆಕ್ಕುಗಳು ಎಷ್ಟೋ, ಬೇಕಾದದ್ದು ಒಂದೇ. ನಮ್ಮ ಮುಖ್ಯೋಪಾಧ್ಯಾಯರು ಅಂದು ಅಲ್ಲಿದ್ದಿದ್ದರೆ ಏನೆನ್ನುತ್ತಿದ್ದರೋ!

ಇದಾದ ಮರುವರ್ಷದ ಸಂಗತಿಯೊಂದು ನನಗೆ ಇದಕ್ಕಿಂತಲೂ ಅರ್ಥವತ್ತಾಗಿ ಕಾಣುತ್ತದೆ. 1906ರ ಬೇಸಗೆಯನ್ನು ಟ್ವೇನ್ ನ್ಯೂ ಹ್ಯಾಂಪ್‌ಷೈರಿನ ಡಬ್ಲಿನ್ ಎಂಬಲ್ಲಿ ಕಳೆದ. ಅಲ್ಲಿ ಮೂರು ಮರಿಗಳನ್ನು ಅಕ್ಕಪಕ್ಕದ ರೈತರಿಂದ ಬಾಡಿಗೆಗೆ ತಂದುಕೊಂಡ! ಸಾಕಿಕೊಂಡರೆ ಹೊರಡುವಾಗ ದಿಕ್ಕಿಲ್ಲದೆ ಬಿಟ್ಟುಬರಬೇಕು. ಬಾಡಿಗೆಯಾದರೆ ಆಮೇಲೂ ಅವುಗಳ ಪೋಷಣೆ ನಡೆಯುವಷ್ಟು ಹಣ ಕೊಟ್ಟು ನೆಮ್ಮದಿಯಾಗಿ ಹೊರಡಬಹುದು ಎಂಬುದು ಅವನ ವಿಚಾರ. ಅವನ ಜೀವನಚರಿತ್ರೆ ಬರೆದ ಪೇನ್ ಇದನ್ನು ದಾಖಲಿಸಿದ್ದಾನೆ. ಓದುವವರಿಗೆ ಇದು ವಿನೋದ. ಆದರೆ ಅಗಲುವ ದಿನವನ್ನು ಮೊದಲೇ ಗೊತ್ತುಮಾಡಿಕೊಂಡು ಪ್ರೀತಿಸಲು ಹೊರಟ ಮುದುಕನ ಹಿಂದೆ ಎರಡು ಸಮಾಧಿಗಳಿದ್ದುವೆಂಬುದನ್ನು ನೆನೆದರೆ ನಗು ಅರ್ಧಕ್ಕೇ ನಿಲ್ಲುತ್ತದೆ.

ಇನ್ನು ಜಪಾನಿನ ಕಥೆ. ಬ್ಯಾಂಬಿನೋ ಓಡಿಹೋದ ಆ 1905ನೆಯ ವರ್ಷದ ಜನವರಿಯಲ್ಲೇ, ಟೋಕಿಯೋದ 'ಹೊತೊತೊಗಿಸು' ಎಂಬ ಮಾಸಪತ್ರಿಕೆಯಲ್ಲಿ ನತ್ಸುಮೆ ಸೋಸೆಕಿ ಹೆಸರಿಲ್ಲದ ಬೆಕ್ಕೊಂದರ ಬಾಯಿಂದ ಮನುಷ್ಯರ ಕಥೆ ಹೇಳಿಸತೊಡಗಿದ. ಅದೇ 'ನಾನೊಂದು ಬೆಕ್ಕು'. ಕಾದಂಬರಿಯ ಬೆಕ್ಕು ಕೊನೆಗೆ ಬಿಯರ್ ಕುಡಿದು, ನೀರಿನ ಗುಡಾಣದಲ್ಲಿ ಬಿದ್ದು ಸಾಯುತ್ತದೆ. ಅದಕ್ಕೆ ಮೂಲವಾದ ಮನೆಯ ಬೆಕ್ಕು 1908ರ ಸೆಪ್ಟೆಂಬರಿನಲ್ಲಿ ಸತ್ತಾಗ ಸೋಸೆಕಿ ತನ್ನ ಶಿಷ್ಯರಿಗೆ ಕಾರ್ಡು ಬರೆದು ಮರಣವಾರ್ತೆ ತಿಳಿಸಿದ, ಹಿತ್ತಲಿನಲ್ಲಿ ಹೂಳಿಸಿ ಗುರುತು ನಿಲ್ಲಿಸಿದ.

ಈ ಸೋಸೆಕಿಯ ಶಿಷ್ಯರಲ್ಲಿ ಉಚಿದಾ ಹ್ಯಾಕ್ಕೆನ್ ಒಬ್ಬ. 1889ರಲ್ಲಿ ಒಕಾಯಾಮಾದಲ್ಲಿ ಹುಟ್ಟಿದವನು, ಬಹುಕಾಲ ಜರ್ಮನ್ ಭಾಷೆಯ ಅಧ್ಯಾಪಕ, ಪ್ರಬಂಧಗಳಿಗೆ ಹೆಸರಾದವನು. ಮೃದು ಹೃದಯದ ಮನುಷ್ಯನೆಂದು ಯಾರೂ ಹೇಳುವಂತಿರಲಿಲ್ಲ. ಸಾಲ ಮಾಡುವುದನ್ನು ಒಂದು ಕಲೆಯೆಂಬಂತೆ ಬರೆದವನು. 1967ರಲ್ಲಿ ಜಪಾನಿನ ಕಲಾ ಅಕಾಡೆಮಿ ಸದಸ್ಯತ್ವ ಕೊಡಲು ಬಂದಾಗ, ಬೇಡ, ಏಕೆಂದರೆ ಬೇಡ ಎಂಬ ಧಾಟಿಯಲ್ಲಿ ಉತ್ತರ ಕೊಟ್ಟು ನಿರಾಕರಿಸಿದವನು. 1945ರ ಮೇ ತಿಂಗಳ ಬಾಂಬಿನ ದಾಳಿಯಲ್ಲಿ ಅವನ ಮನೆ ಸುಟ್ಟುಹೋಯಿತು; ಹೆಂಡತಿಯೊಡನೆ ಒಂದು ಗುಡಿಸಲಲ್ಲಿ ಮೂರು ವರ್ಷ ಕಳೆದ. ಅದನ್ನೂ ಅವನು ಗೊಣಗಿಕೊಂಡೇ ದಾಟಿದ. ಗುರುವಿನ ಕಾದಂಬರಿಯ ಬೆಕ್ಕನ್ನು ಸಾಯಬಿಡಲು ಮನಸ್ಸಾಗದೆ, ಅದು ಗುಡಾಣದಿಂದ ಮೇಲೆದ್ದು ಬಂದಂತೆ ಕಲ್ಪಿಸಿ ಮುಂದುವರಿದ ಭಾಗವೊಂದನ್ನು ಬರೆದ. ಅದು ಪುಸ್ತಕವಾದದ್ದು 1950ರಲ್ಲಿ.

ಕೆಲವು ವರ್ಷಗಳಾದ ಮೇಲೆ ನಿಜವಾದ ಬೆಕ್ಕೇ ಬಂತು. ಬೀದಿ ಬೆಕ್ಕೊಂದರ ಮರಿ ಅವನ ಮನೆಯ ಅಂಗಳದಲ್ಲಿ ಆಡುತ್ತ, ಮನೆಯಾಕೆ ಹಿಡಿದಿದ್ದ ಸೌಟಿನ ಹಿಡಿಯನ್ನು ಅಟ್ಟಿಸಿಕೊಂಡು ಬಂದು, ನೀರಿನ ಗುಡಾಣದೊಳಕ್ಕೆ ಬಿತ್ತು. ಅಲ್ಲಿಂದ ಎದ್ದ ಮರಿಗೆ ಅಯ್ಯೋ ಪಾಪವೆಂದು ಅನ್ನ ಹಾಕಿದರು. ಆಮೇಲೆ ಅದು ಮನೆಯದೇ ಆಯಿತು. ಗುರುವಿನ ಬೆಕ್ಕು ಯಾವ ಗುಡಾಣದಲ್ಲಿ ಸತ್ತಿತೋ ಅಂಥದ್ದೇ ಗುಡಾಣದಿಂದ ಶಿಷ್ಯನ ಬೆಕ್ಕು ಎದ್ದು ಬಂತು! ಕಾದಂಬರಿಯಲ್ಲಿ ಇಂಥದನ್ನು ಬರೆದರೆ ಕೃತಕವೆಂದು ವಿಮರ್ಶಕರು ದೂರುತ್ತಾರೆ. ಜಪಾನಿ ಭಾಷೆಯಲ್ಲಿ ಬೀದಿ ಬೆಕ್ಕಿಗೆ 'ನೊರಾನೆಕೊ' ಎನ್ನುತ್ತಾರಾದುದರಿಂದ ಅದರ ಹೆಸರು ನೊರಾ ಎಂದಾಯಿತು. ಇಬ್ಸೆನ್ನನ ನಾಟಕದಲ್ಲಿ ಮನೆ ಬಿಟ್ಟು ಹೋಗುವ ನೋರಾಳಿಗೂ ಇದಕ್ಕೂ ಸಂಬಂಧವಿಲ್ಲ, ಇದು ಗಂಡು ಎಂದು ಅವನೇ ಹೇಳಿಕೊಂಡ. ಆದರೆ ಹೆಸರು ತನ್ನ ಕೆಲಸವನ್ನು ಮಾಡಿಯೇ ಮಾಡಿತು.

1957ರ ಮಾರ್ಚ್ 27ರ ಮಧ್ಯಾಹ್ನ ನೊರಾ ಅಂಗಳದ ಪೊದೆಯನ್ನು ದಾಟಿ ಹೋಯಿತು. ಕೊನೆಗೆ ಕಂಡವಳು ಹೆಂಡತಿ. ಅಂದಿನಿಂದ ಹ್ಯಾಕ್ಕೆನ್ ದಿನ ಎಣಿಸುತ್ತ ದಿನಚರಿ ಬರೆದ. ಅರುವತ್ತೇಳರ ಆ ಒರಟು ಮುದುಕ ದಿನಗಟ್ಟಲೆ ಅತ್ತ. ನೊರಾ ಸ್ನಾನದ ತೊಟ್ಟಿಯ ಮುಚ್ಚಳದ ಮೇಲೆ ಮಲಗುತ್ತಿತ್ತು. ಆ ಮುಚ್ಚಳವನ್ನು ನೋಡಲಾರದೆ ಸ್ನಾನವನ್ನೇ ಬಿಟ್ಟ. ಸುಶಿ ಅಂಗಡಿಯಿಂದ ಬರುತ್ತಿದ್ದ ಮೊಟ್ಟೆಯ ತಿನಿಸು ನೊರಾಗೆ ಪ್ರಿಯವಾಗಿತ್ತು. ಅಂಗಡಿಯಿಂದ ತರಿಸುವುದನ್ನೇ ನಿಲ್ಲಿಸಿದ. ವೃತ್ತಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ, ಕರಪತ್ರ ಅಚ್ಚು ಹಾಕಿಸಿ ಪತ್ರಿಕೆಗಳ ಮಡಿಕೆಯಲ್ಲಿ ಸೇರಿಸಿ ಸುತ್ತಲ ಬಡಾವಣೆಗಳಿಗೆ ಹಂಚಿಸಿದ, ಅದನ್ನೇ ಮತ್ತೆ ಮತ್ತೆ ಮಾಡಿದ. ಆ ಭಾಗದಲ್ಲಿ ವಿದೇಶೀಯರೂ ವಾಸವಾಗಿದ್ದುದರಿಂದ ಇಂಗ್ಲಿಷಿನಲ್ಲಿಯೂ ಒಂದು ಕರಪತ್ರ ಹೊರಟಿತು. ಬೆಕ್ಕು ಪರಭಾಷೆಯ ಮನೆಗೂ ಹೋಗಬಹುದೆಂದು ಯೋಚಿಸಿದ್ದು ಭಾಷೆಯ ಮೇಷ್ಟರಿಗೆ ತಕ್ಕದ್ದೇ. ಪೊಲೀಸರನ್ನೂ ಬಿಡಲಿಲ್ಲ.

ನೊರಾ ಬರಲಿಲ್ಲ. ಬಂದದ್ದು ಕಾಗದಗಳು, ಅಪರಿಚಿತರ ಸಮಾಧಾನಗಳು, ಇಂತಿಂಥವರ ಬೆಕ್ಕು ಬಹುಕಾಲದ ಮೇಲೆ ಬಂತಂತೆ ಎಂಬ ವರ್ತಮಾನಗಳು. ಆ ವರ್ಷದ ಕೊನೆಯಲ್ಲಿಯೇ 'ನೊರಾ ಯಾ', ಎಂದರೆ 'ನೊರಾ, ಓ ನೊರಾ' ಎಂಬ ಪುಸ್ತಕ ಹೊರಬಿತ್ತು. ಅಷ್ಟರಲ್ಲಿ ನೊರಾನನ್ನೇ ಹೋಲುವ ಇನ್ನೊಂದು ಬೆಕ್ಕು ಅಂಗಳಕ್ಕೆ ಬಂದು ಸೇರಿತ್ತು. ಬಾಲ ಮಾತ್ರ ಮೋಟು. ಜರ್ಮನ್ ಮೇಷ್ಟರು ಅದಕ್ಕೆ 'ಕುರ್ಟ್ಸ್' ಎಂದು ಹೆಸರಿಟ್ಟರು, ಹಾಗೆಂದರೆ ಗಿಡ್ಡ. ಕುರ್ಟ್ಸ್ ಐದು ವರ್ಷ ಬಾಳಿ 1962ರ ಆಗಸ್ಟಿನಲ್ಲಿ ಅವರ ಕೈಯಲ್ಲೇ ಸತ್ತಿತು. ಅದಕ್ಕಾಗಿಯೂ ಅವನು ಅತ್ತ, ಬರೆದ. ಆದರೆ ಕುರ್ಟ್ಸ್ ಇದ್ದಾಗಲೂ ನೊರಾಗಾಗಿ ಕಾಯುವುದು ನಿಂತಿರಲಿಲ್ಲ. ಒಂದು ಬೆಕ್ಕಿನ ಸ್ಥಾನವನ್ನು ಇನ್ನೊಂದು ತುಂಬಲಿಲ್ಲ; ಪಕ್ಕದಲ್ಲಿ ತನ್ನದೇ ಒಂದು ಸ್ಥಾನ ಮಾಡಿಕೊಂಡಿತು, ಅಷ್ಟೆ. ಸತ್ತ ಬೆಕ್ಕಿಗೆ ಅಳುವುದಕ್ಕೆ ಒಂದು ಕೊನೆಯಿದೆ. ಹೋದ ಬೆಕ್ಕಿನ ವಿಷಯದಲ್ಲಿ ಬಾಗಿಲು ಹಾಕುವುದು ಯಾವಾಗ? 1971ರಲ್ಲಿ ಹ್ಯಾಕ್ಕೆನ್ ತೀರಿಕೊಂಡ. ಚಲನಚಿತ್ರ ನಿರ್ದೇಶಕ ಅಕಿರಾ ಕುರೋಸಾವಾ ತನ್ನ ಕೊನೆಯ ಚಿತ್ರವಾದ 'ಮದದಾಯೊ'ವಿನಲ್ಲಿ (1993) ಈ ಮೇಷ್ಟರನ್ನೂ ಅವರ ಕಳೆದುಹೋದ ಬೆಕ್ಕನ್ನೂ ತೆರೆಯ ಮೇಲೆ ತಂದ.

ಇದೆಲ್ಲ ಬೇರೆ ದುಃಖಗಳ ರೂಪಾಂತರ, ಯುದ್ಧದಲ್ಲಿ ಅಳಲಾರದವನು ಬೆಕ್ಕಿನ ನೆಪದಲ್ಲಿ ಅತ್ತ, ಹೆಂಡತಿಗಾಗಿ ಜಾಹೀರಾತು ಕೊಡಲಾರದವನು ಬೆಕ್ಕಿಗಾಗಿ ಕೊಟ್ಟ ಎಂದು ಹೇಳುವವರುಂಟು. ಮಾತು ಚೆನ್ನಾಗಿದೆ, ಸ್ವಲ್ಪ ಮಟ್ಟಿಗೆ ನಿಜವೂ ಇರಬಹುದು. ನನಗೆ ಮಾತ್ರ ಅದು ಬೆಕ್ಕಿಗೆ ಮಾಡಿದ ಅನ್ಯಾಯವೆನಿಸುತ್ತದೆ. ಹ್ಯಾಕ್ಕೆನ್ ಅತ್ತದ್ದು ಸ್ನಾನದ ತೊಟ್ಟಿಯ ಮುಚ್ಚಳವನ್ನು ನೋಡಿ. ಸುಟ್ಟ ಟೋಕಿಯೋವನ್ನು ನೆನೆದು ಅಲ್ಲ.

ಕಳೆದುಹೋದ ಬೆಕ್ಕನ್ನು ಕರೆಸಲು ಜಪಾನಿನಲ್ಲಿ ಒಂದು ಹಳೆಯ ಪದ್ಧತಿಯಿದೆ. ಒಂಬತ್ತನೆಯ ಶತಮಾನದ ಅರಿವಾರಾ ನೊ ಯುಕಿಹಿರಾ ಎಂಬ ಕವಿ ಇನಾಬಾ ಪ್ರಾಂತದ ಅಧಿಕಾರಿಯಾಗಿ ಹೊರಟಾಗ ಹಾಡಿದ ವಿದಾಯದ ಪದ್ಯವನ್ನು ಚೀಟಿಯಲ್ಲಿ ಬರೆದು, ಬೆಕ್ಕು ಉಣ್ಣುವ ತಟ್ಟೆಯ ಅಡಿಯಲ್ಲಿಡುತ್ತಾರೆ. ನೀವು ನನಗಾಗಿ ಕಾಯುತ್ತಿದ್ದೀರೆಂದು ಕೇಳಿದೆನಾದರೆ ಕೂಡಲೆ ಮರಳಿ ಬರುತ್ತೇನೆ ಎಂಬುದು ಅದರ ಭಾವ. ಬೆಟ್ಟದ ಮೇಲಿನ ಪೈನ್ ಮರಕ್ಕೂ ಕಾಯುವುದಕ್ಕೂ ಅವರ ಭಾಷೆಯಲ್ಲಿ 'ಮತ್ಸು' ಎಂಬುದು ಒಂದೇ ಶಬ್ದವಾದುದರಿಂದ ಅಲ್ಲೊಂದು ಸೊಗಸಾದ ಶ್ಲೇಷೆ. ಇದನ್ನು ನಾನು ರಾತ್ರಿಯ ಊಟದ ಹೊತ್ತಿನಲ್ಲಿ ಶ್ಲೇಷೆ ಸಮೇತ ವಿವರಿಸಿದೆ. ಅಮ್ಮ ಮಜ್ಜಿಗೆ ಬಡಿಸುತ್ತ ಕೇಳಿಸಿಕೊಂಡು, "ಆ ಊರಿನ ಪದ್ಯ ನಮ್ಮ ಕರಿಯನಿಗೆ ಹೇಗೆ ತಿಳಿಯಬೇಕೋ? ಕನ್ನಡದಲ್ಲಿ ಬರೆದಿಡು," ಎಂದಳು.

ಶ್ಲೇಷೆ ಕನ್ನಡಕ್ಕೆ ಬರುವುದಿಲ್ಲವೆಂದು ನಾನು ವಾದಿಸಿದೆ. ಅಮ್ಮ ಒಪ್ಪಲಿಲ್ಲ. ಹಳೆಯ ಉತ್ತರಪತ್ರಿಕೆಯೊಂದರ ಖಾಲಿ ಹಾಳೆಯ ಮೇಲೆ, ಶ್ಲೇಷೆಯನ್ನು ಬಿಟ್ಟು, ಎರಡು ಸಾಲು ಬರೆದು ಹಿತ್ತಲ ಜಗಲಿಯ ತಟ್ಟೆಯ ಅಡಿಯಲ್ಲಿಟ್ಟೆ. ಚೀಟಿ ಇನ್ನೂ ಅಲ್ಲೇ ಇದೆ. ತಟ್ಟೆಯ ಅನ್ನವನ್ನು ದಿನವೂ ಉಳಿದ ಮೂರು ತಿಂದು ಹೋಗುತ್ತವೆ. ಅಮ್ಮ ಮಾತ್ರ ಇನ್ನೂ ನಾಲ್ಕರ ಲೆಕ್ಕದಲ್ಲೇ ಕಲಸುತ್ತಾಳೆ.